ಶೋ ಕಾರು, ರೋಡ್ ಕಾರು: ಸ್ಪೋರ್ಟ್ಸ್ ಕಾರಿನ ಪ್ರೊಟೊಟೈಪ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪೋರ್ಟ್ಸ್ ಕಾರುಗಳ ಪುಟ್ಟ ಮಾಡೆಲ್ ಜೋಡಿಸುವುದು ನನ್ನ ಬಹಳ ವರ್ಷಗಳ ಹವ್ಯಾಸ. ಮನೆಗೆ ಬಂದವರು ಶೋಕೇಸ್ ಮುಂದೆ ನಿಂತು ಕೇಳಿದ್ದು, ಗೆಳೆಯರು ಪತ್ರದಲ್ಲಿ ಕೇಳಿದ್ದು, ಅವರ ಮಕ್ಕಳು ಫೋನಿನಲ್ಲಿ ಕೇಳಿದ್ದು ಎಲ್ಲ ಸೇರಿ ಒಂದು ನೋಟ್‌ಬುಕ್ ತುಂಬಿದೆ. ಅದರಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಉದಾಹರಣೆಗೆ ಹೆಚ್ಚಾಗಿ ಒಂದೇ ಕಾರನ್ನು ಹಿಡಿದುಕೊಂಡಿದ್ದೇನೆ, ಲ್ಯಾಂಬೊರ್ಗಿನಿ ಕೌಂಟಾಚ್. ಅದರ ಮೊದಲ ಕಾರಿಗೂ ಮಾರಾಟದ ಕಾರಿಗೂ ಇರುವ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಆ ವ್ಯತ್ಯಾಸ ಯಾಕೆ ಬಂತು ಅನ್ನುವುದಕ್ಕೆ ಸರಿಯಾದ ಕಾರಣಗಳೂ ಸಿಗುತ್ತವೆ.

## ಮೊದಲಿನಿಂದ

ಪ್ರೊಟೊಟೈಪ್ ಅಂದ್ರೆ ಏನು? ಶೋನಲ್ಲಿ ಇಡೋ ಕಾನ್ಸೆಪ್ಟ್ ಕಾರು ಅಂತಾರಲ್ಲ, ಅದೇನಾ?

ಅಲ್ಲ, ಎರಡೂ ಬೇರೆ. ಕಾನ್ಸೆಪ್ಟ್ ಕಾರು ನೋಡುವುದಕ್ಕೆ. ಅದರೊಳಗೆ ಎಂಜಿನ್ ಇಲ್ಲದೆಯೂ ಇರಬಹುದು. ಪ್ರೊಟೊಟೈಪ್ ಓಡಿಸುವುದಕ್ಕೆ. ಅದನ್ನು ಸಾವಿರಾರು ಕಿಲೋಮೀಟರ್ ಓಡಿಸಿ, ಎಲ್ಲಿ ಬಿಸಿಯಾಗುತ್ತದೆ, ಎಲ್ಲಿ ಮುರಿಯುತ್ತದೆ, ಎಲ್ಲಿ ನೀರು ಒಳಗೆ ಬರುತ್ತದೆ ಅಂತ ನೋಡುತ್ತಾರೆ. ಆಮೇಲೆ ಪ್ರೀ-ಪ್ರೊಡಕ್ಷನ್ ಅನ್ನುವ ಮೂರನೆಯ ಹಂತ ಬರುತ್ತದೆ. ಆಗ ಕಾರು ಹೆಚ್ಚುಕಡಿಮೆ ಮಾರಾಟದ ರೂಪಕ್ಕೆ ಬಂದಿರುತ್ತದೆ. ಕಾರ್ಖಾನೆಯಲ್ಲಿ ಅದನ್ನು ಒಂದೇ ಥರ ಮತ್ತೆ ಮತ್ತೆ ಕಟ್ಟಲು ಆಗುತ್ತದಾ ಅಂತ ನೋಡುವುದೊಂದೇ ಬಾಕಿ ಇರುತ್ತದೆ.

ಸಣ್ಣ ಕಂಪನಿಗಳಲ್ಲಿ ಈ ಗೆರೆಗಳು ಕಲಸಿಹೋಗುತ್ತವೆ. 1971ರ ಮೊದಲ ಕೌಂಟಾಚ್ ಶೋ ಕಾರೂ ಆಗಿತ್ತು, ಆಮೇಲೆ ಅದೇ ಪರೀಕ್ಷೆಯ ಕಾರೂ ಆಯಿತು. ನನಗೆ ಅದರ ಮೇಲೆ ಅಷ್ಟು ಪ್ರೀತಿ ಇರುವುದಕ್ಕೆ ಇದೂ ಒಂದು ಕಾರಣ.

ಕೌಂಟಾಚ್ ಅನ್ನಬೇಕಾ, ಕೌಂಟಾಶ್ ಅನ್ನಬೇಕಾ? ಅದರ ಅರ್ಥ ಏನು?

ಇಟಲಿಯ ವಾಯವ್ಯಕ್ಕೆ ಪೀಡ್‌ಮಾಂಟ್ ಅನ್ನುವ ಪ್ರಾಂತ್ಯ ಇದೆ. ಟ್ಯೂರಿನ್ ಇರುವುದು ಅಲ್ಲೇ. ಆ ಕಡೆಯ ಜನ ಆಶ್ಚರ್ಯವಾದಾಗ ಆಡುವ ಮಾತು ಇದು. ನಾವು 'ಅಬ್ಬಬ್ಬಾ!' ಅಂತೀವಲ್ಲ, ಹಾಗೆ. ಅವರ ಬಾಯಲ್ಲಿ ಅದು 'ಕುನ್‌ತಾಚ್' ಅಂತ ಕೇಳಿಸುತ್ತದೆ. ಕಾರಿನ ವಿನ್ಯಾಸ ಮಾಡಿದ ಮಾರ್ಚೆಲ್ಲೊ ಗಾಂದಿನಿ ಈ ಕಥೆಯನ್ನು ತಾವೇ ಹೇಳಿದ್ದರು. ಕಾರು ಕಟ್ಟುತ್ತಿದ್ದಾಗ ಜೊತೆಗಿದ್ದ ಕೆಲಸಗಾರನೊಬ್ಬ ಪೀಡ್‌ಮಾಂಟ್ ಮಾತನ್ನೇ ಆಡುತ್ತಿದ್ದ. ಅವನ ಬಾಯಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತಿತ್ತಂತೆ. ಕನ್ನಡದಲ್ಲಿ ಕೌಂಟಾಚ್ ಅನ್ನುವುದು ರೂಢಿಯಾಗಿದೆ. ನಾನೂ ಹಾಗೇ ಬರೆಯುತ್ತೇನೆ.

ಶೋನಲ್ಲಿ ಅಷ್ಟು ಚೆನ್ನಾಗಿತ್ತು. ಹಾಗೇ ಮಾಡಿ ಮಾರಬಾರ್ದಾ? ಯಾಕೆ ಕೆಡಿಸ್ತಾರೆ?

ಈ ಪ್ರಶ್ನೆ ಕೇಳದವರೇ ಇಲ್ಲ. 'ಕೆಡಿಸುವುದು' ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಶೋನಲ್ಲಿ ಕಾರು ನಿಂತಿರುತ್ತದೆ. ಅದಕ್ಕೆ ಮಳೆ ಇಲ್ಲ, ಟ್ರಾಫಿಕ್ ಇಲ್ಲ, ರಾತ್ರಿ ಇಲ್ಲ. ರಸ್ತೆಗೆ ಬಂದ ಕೂಡಲೇ ಎಂಜಿನ್ನಿಗೆ ಗಾಳಿ ಬೇಕು, ಚಾಲಕನಿಗೆ ಹಿಂದೆ ಕಾಣಬೇಕು. ದೀಪ ಇಷ್ಟೇ ಎತ್ತರದಲ್ಲಿರಬೇಕು ಅಂತ ಕಾನೂನು ಹೇಳುತ್ತದೆ. ಡಿಕ್ಕಿಯಾದರೆ ಒಳಗಿದ್ದವರು ಉಳಿಯಬೇಕು. ಒಂದು ಬಾಗಿಲನ್ನು ಕೈಯಲ್ಲಿ ತಟ್ಟಿ ತಿಂಗಳುಗಟ್ಟಲೆ ಮಾಡಬಹುದು. ಅದೇ ಬಾಗಿಲನ್ನು ನೂರು ಸಲ ಒಂದೇ ಥರ ಮಾಡುವುದು ಬೇರೆಯೇ ಕೆಲಸ.

ಬದಲಾದ ಪ್ರತಿಯೊಂದು ಚೂರಿನ ಹಿಂದೆಯೂ ಯಾರೋ ಒಬ್ಬರು ಬಿಸಿಲಲ್ಲಿ ಕಾರು ಓಡಿಸಿ ಬಂದು 'ಇದು ಸರಿಯಿಲ್ಲ' ಅಂದಿರುತ್ತಾರೆ. ಕೌಂಟಾಚ್ ವಿಷಯದಲ್ಲಿ ಹಾಗೆ ಅಂದವರು ಬಾಬ್ ವ್ಯಾಲೇಸ್, ನ್ಯೂಜಿಲೆಂಡ್‌ನಿಂದ ಬಂದು ಲ್ಯಾಂಬೊರ್ಗಿನಿಯಲ್ಲಿ ಟೆಸ್ಟ್ ಡ್ರೈವರ್ ಆಗಿದ್ದವರು. ಅವರ ಮಾತು ಕೇಳಿ ಪರಿಹಾರ ಹುಡುಕಿದವರು ಮುಖ್ಯ ಎಂಜಿನಿಯರ್ ಪಾವೊಲೊ ಸ್ತಂಜಾನಿ. ಗಾಂದಿನಿಯ ಹೆಸರು ಎಲ್ಲರಿಗೂ ಗೊತ್ತು. ಈ ಇಬ್ಬರ ಹೆಸರೂ ಅಷ್ಟೇ ಗೊತ್ತಾಗಬೇಕು ಅಂತ ನನ್ನ ಆಸೆ.

## ಕೌಂಟಾಚ್: ಮೊದಲ ಕಾರು, ಮಾರಾಟದ ಕಾರು

ಒಂದು ಹಳದಿ ಕಾರಿನ ಫೋಟೊ ನೋಡಿದೆ, ಪಕ್ಕ ಎಲ್ಲ ನುಣುಪಾಗಿತ್ತು. ಇನ್ನೊಂದು ಹಸಿರು, ಪಕ್ಕದಲ್ಲಿ ದೊಡ್ಡ ತೂತು ಇತ್ತು. ಎರಡೂ ಒಂದೇ ಕಾರಾ?

ಎರಡು ಬೇರೆ ಕಾರುಗಳು. ಹಳದಿಯದು ಎಲ್‌ಪಿ 500, 1971ರ ಮಾರ್ಚ್‌ನಲ್ಲಿ ಜಿನೀವಾ ಮೋಟಾರ್ ಶೋನಲ್ಲಿ ಗಾಂದಿನಿ ಕೆಲಸ ಮಾಡುತ್ತಿದ್ದ ಬೆರ್ತೊನೆ ಅನ್ನುವ ವಿನ್ಯಾಸ ಕಂಪನಿಯ ಮಳಿಗೆಯಲ್ಲಿ ಇಟ್ಟಿದ್ದ ಕಾರು. ಅದರ ಪಕ್ಕದ ಕಿಟಕಿಯ ಹಿಂದೆ ಮೀನಿನ ಕಿವಿರಿನ ಹಾಗೆ ಸಾಲಾಗಿ ಸೀಳುಗಳಿದ್ದವು, ಅಷ್ಟೇ. ಬೇರೆ ತೂತಿಲ್ಲ, ಉಬ್ಬಿಲ್ಲ. ಒಂದೇ ಏಟಿಗೆ ಕತ್ತರಿಸಿದ ಬೆಣೆಯ ಹಾಗಿತ್ತು.

ಹಸಿರಿನದು ಎರಡನೆಯ ಪ್ರೊಟೊಟೈಪ್. 1973ರ ಜಿನೀವಾ ಶೋಗೆ ಬಂದಾಗ ಅದರ ಬಣ್ಣ ಕೆಂಪು. ಹಸಿರು ಬಳಿದದ್ದು ಆಮೇಲೆ. ಈಗ ಅದು ಸಾಂತ್ ಅಗಾತಾ ಬೊಲೊನೇಸೆಯಲ್ಲಿ ಲ್ಯಾಂಬೊರ್ಗಿನಿಯ ಮ್ಯೂಸಿಯಂನಲ್ಲಿದೆ. 1974ರಿಂದ ಗ್ರಾಹಕರ ಕೈ ಸೇರಿದ ಎಲ್‌ಪಿ 400 ಹೆಚ್ಚುಕಡಿಮೆ ಇದರ ಹಾಗೇ ಇದೆ.

ಫೋಟೊ ನೋಡುವಾಗ ಬಣ್ಣ ನಂಬಬೇಡಿ. ಮಾರಾಟದ ಕಾರುಗಳಲ್ಲೂ ಹಳದಿ ಇದ್ದವು. ಪಕ್ಕದಲ್ಲಿ, ಬಾಗಿಲು ಮುಗಿಯುವ ಕಡೆ ತ್ರಿಕೋನದ ಹಳ್ಳ ಇದೆಯಾ ನೋಡಿ. ಕಿಟಕಿಯ ಹಿಂದೆ, ಹೆಗಲ ಮೇಲೆ ಡಬ್ಬದ ಆಕಾರ ಎದ್ದಿದೆಯಾ ನೋಡಿ. ಎರಡೂ ಇಲ್ಲದಿದ್ದರೆ ಅದು ಜಿನೀವಾದಲ್ಲಿ ನಿಂತ ರೂಪದ ಎಲ್‌ಪಿ 500. ಒಳಗೆ ಕಾಣುವ ಹಾಗಿದ್ದರೆ ಸ್ಟಿಯರಿಂಗ್ ನೋಡಿ. ಮೊದಲ ಕಾರಿನ ಸ್ಟಿಯರಿಂಗಿಗೆ ಒಂದೇ ಕಡ್ಡಿ.

ಆ ಡಬ್ಬ, ಆ ತೂತು ಯಾಕೆ ಬೇಕಿತ್ತು? ಅಷ್ಟು ನುಣುಪಾದ ಕಾರನ್ನ ಹಾಳು ಮಾಡಿಬಿಟ್ರಲ್ಲ?

ಬಿಸಿ. ಒಂದೇ ಪದದ ಉತ್ತರ ಇದು.

ಕೌಂಟಾಚ್‌ನ ಎಂಜಿನ್ ಸೀಟಿನ ಹಿಂದೆ ಇದೆ. ರೇಡಿಯೇಟರ್‌ಗಳೂ ಹಿಂದೆಯೇ, ಎಂಜಿನ್ನಿನ ಎರಡು ಪಕ್ಕದಲ್ಲಿ. ಸಾಮಾನ್ಯ ಕಾರಿನಲ್ಲಿ ರೇಡಿಯೇಟರ್ ಮುಂದೆ ಇರುತ್ತದೆ, ಗಾಳಿ ನೇರವಾಗಿ ಬಡಿಯುತ್ತದೆ. ಪಕ್ಕದಲ್ಲಿಟ್ಟರೆ ಹಾಗಲ್ಲ. ಓಡುವ ಕಾರಿನ ಪಕ್ಕದ ನುಣುಪು ಗೋಡೆಯ ಉದ್ದಕ್ಕೂ ಗಾಳಿ ಜಾರಿಕೊಂಡು ಹೋಗಿಬಿಡುತ್ತದೆ. ಒಳಗೆ ತಿರುಗು ಅಂದರೆ ಸುಮ್ನೆ ತಿರುಗುವುದಿಲ್ಲ. ಗಾಂದಿನಿ ಬರೆದ ಕಿವಿರುಗಳು ಕಣ್ಣಿಗೆ ಚೆಂದವಾಗಿದ್ದವು, ಆದರೆ 12 ಸಿಲಿಂಡರಿನ ಎಂಜಿನ್ನಿಗೆ ಬೇಕಾದಷ್ಟು ಗಾಳಿ ಅಲ್ಲಿಂದ ಹೋಗುತ್ತಿರಲಿಲ್ಲ. ಪರೀಕ್ಷೆಯಲ್ಲಿ ಎಂಜಿನ್ ಬಿಸಿಯಾಗುತ್ತಲೇ ಇತ್ತು.

ಪರಿಹಾರ ಎರಡು ಕಡೆ ಬಂತು. ಹೆಗಲ ಮೇಲೆ ಎದ್ದು ನಿಂತ ಡಬ್ಬಗಳು ಜಾರುವ ಗಾಳಿಗೆ ಎದುರಾಗಿ ಬಾಯಿ ತೆರೆದವು. ಪಕ್ಕದಲ್ಲಿ ಕೊರೆದದ್ದು ನಾಕಾ ಡಕ್ಟ್. ಅಮೆರಿಕದಲ್ಲಿ ನಾಸಾಕ್ಕಿಂತ ಮುಂಚೆ ಇದ್ದ ವಿಮಾನ ಸಂಶೋಧನಾ ಸಂಸ್ಥೆಯ ಹೆಸರು ನಾಕಾ. ಈ ಆಕಾರ ಅವರದು. ಹಳ್ಳದ ಆರಂಭ ಕಿರಿದು, ಹೋಗುತ್ತಾ ಹೋಗುತ್ತಾ ಅಗಲ ಮತ್ತು ಆಳ. ಗೋಡೆಯ ಪಕ್ಕ ಜಾರುವ ಗಾಳಿಯನ್ನು ಅದು ಒಳಗೆ ಎಳೆದುಕೊಳ್ಳುತ್ತದೆ, ಹೊರಗೆ ಏನೂ ಚಾಚಿಕೊಳ್ಳುವುದಿಲ್ಲ.

ನಾನು ಹುಡುಗನಾಗಿದ್ದಾಗ ಟ್ರಂಪ್ ಕಾರ್ಡ್ ಆಡುತ್ತಿದ್ದೆವು. ಕೌಂಟಾಚ್ ಕಾರ್ಡ್ ಕೈಗೆ ಬಂದರೆ ಮೊದಲು ಕಣ್ಣು ಹೋಗುತ್ತಿದ್ದದ್ದು ಆ ತ್ರಿಕೋನಕ್ಕೇ. ಅದು ಡಿಸೈನರ್ ಮಾಡಿದ ಅಲಂಕಾರ ಅಂತಲೇ ಅಂದುಕೊಂಡಿದ್ದೆ. ಕುದಿಯುವ ನೀರಿಗೆ ಹುಡುಕಿದ ಪರಿಹಾರ ಅಂತ ಗೊತ್ತಾದ ದಿನ ಆ ಕಾರು ನನಗೆ ಇನ್ನಷ್ಟು ಹತ್ತಿರವಾಯಿತು.

ಹೆಸರು 500 ಇದ್ದದ್ದು 400 ಆಯ್ತು. ಎಂಜಿನ್ ಚಿಕ್ಕದು ಮಾಡಿದ್ದು ಮೋಸ ಅಲ್ವಾ?

ಎಲ್‌ಪಿ ಅಂದರೆ ಇಟಾಲಿಯನ್‌ನಲ್ಲಿ 'ಉದ್ದಕ್ಕೆ, ಹಿಂದೆ' ಅಂತ. ಎಂಜಿನ್ ಎಲ್ಲಿ, ಯಾವ ಕಡೆಗೆ ಮಲಗಿದೆ ಅನ್ನುವುದರ ಗುರುತು. ಅಂಕಿ ಎಂಜಿನ್ನಿನ ಗಾತ್ರ. ಮೊದಲ ಕಾರಿನಲ್ಲಿ 4971 ಸಿಸಿಯ ಪ್ರಯೋಗದ ಎಂಜಿನ್ ಇತ್ತು. 440 ಅಶ್ವಶಕ್ತಿ ಅಂತ ಹೇಳಿದ್ದರು. ಅದು ಪರೀಕ್ಷೆಯಲ್ಲಿ ತಡೆಯಲಿಲ್ಲ, ಒಡೆದುಹೋಯಿತು. ಆಗ ಲ್ಯಾಂಬೊರ್ಗಿನಿಯ ಹಿಂದಿನ ಸ್ಪೋರ್ಟ್ಸ್ ಕಾರು ಮಿಯುರಾದಲ್ಲಿ ಪಳಗಿದ್ದ 3929 ಸಿಸಿಯ ಎಂಜಿನ್ ತಂದು ಕೂರಿಸಿದರು. 8000 ಆರ್‌ಪಿಎಂನಲ್ಲಿ 375 ಅಶ್ವಶಕ್ತಿ, ಆರು ವೆಬರ್ ಕಾರ್ಬುರೇಟರ್.

ಹೆಸರನ್ನೂ ಬದಲಾಯಿಸಿ ಮಾರಿದರು, ಹಾಗಾಗಿ ಮೋಸ ಅನ್ನಲಾರೆ. ನಂಬಿಕೆ ಇಲ್ಲದ ಎಂಜಿನ್ ಮಾರಿದ್ದರೆ ಅದು ಮೋಸ. ದೊಡ್ಡ ಎಂಜಿನ್ ಆಮೇಲೆ ಬಂತು, 1982ರಲ್ಲಿ 4754 ಸಿಸಿ, 1985ರಲ್ಲಿ 5167 ಸಿಸಿ.

ಹೊರಗೆ ಕಾಣೋದು ಗೊತ್ತಾಯ್ತು. ಒಳಗಿನ ಚಾಸಿಯಲ್ಲಿ ಏನು ಬದಲಾಯ್ತು?

ಚಾಸಿ ಅಂದರೆ ಇಡೀ ಕಾರನ್ನು ಹೊರುವ ಚೌಕಟ್ಟು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಅಲ್ಲೇ. ಎಲ್‌ಪಿ 500ರದು ಉಕ್ಕಿನ ತಗಡು ಬೆಸೆದು ಮಾಡಿದ ಪ್ಲಾಟ್‌ಫಾರ್ಮ್ ಚಾಸಿ. ಮಾರಾಟದ ಕಾರಿಗೆ ಅದನ್ನು ಪೂರ್ತಿ ಬಿಟ್ಟು, ತೆಳ್ಳಗಿನ ಉಕ್ಕಿನ ಕೊಳವೆಗಳನ್ನು ಬೆಸೆದು ಪಂಜರದ ಹಾಗೆ ಕಟ್ಟಿದರು. ಆ ಪಂಜರದ ಫೋಟೊ ಸಿಕ್ಕರೆ ತಪ್ಪದೆ ನೋಡಿ. ನೇಯ್ದ ಬುಟ್ಟಿಯ ಹಾಗಿದೆ. ಅದರ ಮೇಲೆ ಕೈಯಲ್ಲಿ ತಟ್ಟಿ ಮಾಡಿದ ಅಲ್ಯೂಮಿನಿಯಂ ಹೊದಿಕೆ. ಕಾರು ಗಟ್ಟಿಯೂ ಆಯಿತು, ಭಾರವೂ ಹದದಲ್ಲಿ ಉಳಿಯಿತು.

ಹಾಗಾದ್ರೆ ಏನೂ ಬದಲಾಗದೆ ಉಳಿದದ್ದು ಏನಾದ್ರೂ ಇದ್ಯಾ?

ಇದೆ, ಅದೂ ಮುಖ್ಯವಾದವೇ. ಕತ್ತರಿಯ ಹಾಗೆ ಮೇಲಕ್ಕೇಳುವ ಬಾಗಿಲು ಹಾಗೇ ಉಳಿಯಿತು. ಅದು ಬರೀ ಶೋಕಿಯಲ್ಲ. ಕಾರಿನಿಂದ ಹಿಂದೆ ಕಾಣುವುದು ಕಷ್ಟ. ಬಾಗಿಲು ಮೇಲೆತ್ತಿ, ಹೊಸ್ತಿಲಿನ ಮೇಲೆ ಕೂತು, ಹೊರಗೆ ಬಗ್ಗಿ ನೋಡಿಕೊಂಡು ರಿವರ್ಸ್ ತೆಗೆಯಬಹುದು. ಕೌಂಟಾಚ್ ಓಡಿಸುವವರು ಈಗಲೂ ಹಾಗೇ ಮಾಡುತ್ತಾರೆ.

ಗೇರ್‌ಬಾಕ್ಸ್ ಇಟ್ಟ ಜಾಗವೂ ಉಳಿಯಿತು. ಸ್ತಂಜಾನಿ ಅದನ್ನು ಎಂಜಿನ್ನಿನ ಮುಂದೆ, ಎರಡು ಸೀಟಿನ ನಡುವೆ ತಂದರು. ಶಕ್ತಿ ಮುಂದೆ ಬಂದು, ಮತ್ತೆ ಎಂಜಿನ್ನಿನ ಕೆಳಗಿನ ಆಯಿಲ್ ಸಂಪ್ ಮೂಲಕ ಹಾದುಹೋಗುವ ಶಾಫ್ಟ್‌ನಲ್ಲಿ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಸುತ್ತುಬಳಸು ಅನ್ನಿಸುತ್ತದೆ ಅಲ್ವಾ? ಆದರೆ ಇದರಿಂದ ಗೇರ್ ಲಿವರ್ ಸೀದಾ ಗೇರ್‌ಬಾಕ್ಸ್ ಮೇಲೇ ಕೂತಿತು. ಉದ್ದದ ಕಂಬಿ, ಕೀಲು ಏನೂ ಬೇಕಾಗಲಿಲ್ಲ. ಭಾರವೂ ಕಾರಿನ ನಡುವೆ ಬಂತು.

ಮೊದಮೊದಲ ಕಾರುಗಳನ್ನ 'ಪೆರಿಸ್ಕೋಪಿಯೊ' ಅಂತಾರೆ. ಕಾರಲ್ಲಿ ಪೆರಿಸ್ಕೋಪ್ ಇತ್ತಾ?

ಪ್ರೊಟೊಟೈಪ್‌ನಲ್ಲಿ ಹಿಂದೆ ನೋಡುವುದಕ್ಕೆ ಪೆರಿಸ್ಕೋಪ್ ಥರದ ಕನ್ನಡಿ ವ್ಯವಸ್ಥೆ ಇತ್ತು. ಅದಕ್ಕಾಗಿ ಛಾವಣಿಯ ನಡುವೆ ಉದ್ದಕ್ಕೆ ಒಂದು ತಗ್ಗು ಕೊರೆದಿದ್ದರು. ಮಾರಾಟದ ಕಾರಿಗೆ ಬರುವಾಗ ಆ ವ್ಯವಸ್ಥೆ ಹೋಗಿ ಮಾಮೂಲಿ ಕನ್ನಡಿ ಬಂತು. ಛಾವಣಿಯ ತಗ್ಗು ಮಾತ್ರ ಉಳಿದುಕೊಂಡಿತು. ಅದಿರುವ ಎಲ್‌ಪಿ 400 ಕಾರುಗಳು ಸುಮಾರು 150 ಮಾತ್ರ. ಪ್ರೊಟೊಟೈಪ್‌ನ ಗುರುತೊಂದು ಮಾರಾಟದ ಕಾರಿನ ನೆತ್ತಿಯ ಮೇಲೆ ಉಳಿದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಡ್ಯಾಶ್‌ಬೋರ್ಡ್ ಯಾಕೆ ಅಷ್ಟು ಸಪ್ಪೆಯಾಯ್ತು?

ಮೊದಲ ಕಾರಿನಲ್ಲಿ ಎಚ್ಚರಿಕೆಯ ದೀಪಗಳಿಂದ ತುಂಬಿದ, ವಿಮಾನದಂಥ ಫಲಕ ಇತ್ತು. ಸೀಟುಗಳು ಚಾಕೊಲೇಟ್ ಬಾರಿನ ಹಾಗೆ ಚೌಕ ಚೌಕ. ಮಾರಾಟದ ಕಾರಿನಲ್ಲಿ ಸಾಮಾನ್ಯ ಮುಳ್ಳಿನ ಮೀಟರ್‌ಗಳು ಬಂದವು. ವೇಗವಾಗಿ ಹೋಗುವಾಗ ಒಂದು ನೋಟಕ್ಕೆ ಓದಲು ಅವೇ ಸುಲಭ, ರಿಪೇರಿಗೂ ಸುಲಭ.

ಆ ಮೊದಲ ಹಳದಿ ಕಾರು ಈಗ ಎಲ್ಲಿದೆ? ನೋಡೋಕೆ ಸಿಗುತ್ತಾ?

ಮೂಲ ಕಾರು ಇಲ್ಲ. ಮೂರು ವರ್ಷ ದುಡಿಸಿಕೊಂಡ ಮೇಲೆ, 1974ರಲ್ಲಿ ಅದನ್ನು ಇಂಗ್ಲೆಂಡಿನ ಮೀರಾ ಪರೀಕ್ಷಾ ಕೇಂದ್ರಕ್ಕೆ ಕಳಿಸಿ ಗೋಡೆಗೆ ಗುದ್ದಿಸಿದರು. ಮಾರಾಟಕ್ಕೆ ಅನುಮತಿ ಬೇಕಾದರೆ ಡಿಕ್ಕಿ ಪರೀಕ್ಷೆ ಆಗಲೇಬೇಕಿತ್ತು. ಮಾರಾಟದ ಕಾರಿನ ಚಾಸಿ ಆ ಹೊತ್ತಿಗೆ ಪೂರ್ತಿ ಬೇರೆಯಾಗಿತ್ತು. ಆದರೂ ಪರೀಕ್ಷೆಗೆ ಹೋದದ್ದು ಈ ಹಳೆಯ ಕಾರೇ. ಸಣ್ಣ ಕಂಪನಿ, ಹೊಸ ಕಾರೊಂದನ್ನು ಒಡೆಯುವ ಅನುಕೂಲ ಇರಲಿಲ್ಲ. ಆಮೇಲೆ ಉಳಿದದ್ದು ಗುಜರಿಗೆ ಹೋಯಿತು. ಜಿನೀವಾದ ಆ ಹಳದಿ ಬೆಣೆಗೆ ಹೀಗಾಯಿತಲ್ಲ ಅಂತ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

2021ರ ಅಕ್ಟೋಬರ್‌ನಲ್ಲಿ ಲ್ಯಾಂಬೊರ್ಗಿನಿಯ ಹಳೆಯ ಕಾರುಗಳ ವಿಭಾಗ ಅದನ್ನು ಮತ್ತೆ ಹೊಸದಾಗಿ ಕಟ್ಟಿ, ಕೋಮೊ ಸರೋವರದ ಪಕ್ಕದ ವಿಲ್ಲಾ ದ'ಎಸ್ತೆ ಕಾರು ಮೇಳದಲ್ಲಿ ತೋರಿಸಿತು. ಸಂಗ್ರಾಹಕರೊಬ್ಬರು ಮಾಡಿಸಿದ್ದು. ಹಳೆಯ ಫೋಟೊ, ದಾಖಲೆ, ಆಗ ಕೆಲಸ ಮಾಡಿದವರ ನೆನಪು ಎಲ್ಲ ಕೂಡಿಸಿ ಕಟ್ಟಲು 25,000 ಗಂಟೆಗಿಂತ ಜಾಸ್ತಿ ಹಿಡಿಯಿತು. ಟೈರನ್ನೂ ಪಿರೆಲ್ಲಿ ಕಂಪನಿ ಹಳೆಯ ನಮೂನೆಯಲ್ಲೇ ಮಾಡಿಕೊಟ್ಟಿತು. ಹಳದಿ ಬಣ್ಣದ ಹದಕ್ಕೂ ಬೇರೆಯೇ ಹುಡುಕಾಟ ನಡೆಯಿತು.

## ಬೇರೆ ಕಾರುಗಳು

ದುಡ್ಡು ಕೊಟ್ಟು ಬುಕ್ ಮಾಡಿದ ಮೇಲೆ ಬೇರೆ ಥರ ಕಾರು ಬಂದ್ರೆ ಗ್ರಾಹಕರು ಸುಮ್ನೆ ಇರ್ತಾರಾ?

ಇರಲಿಲ್ಲ. ಜಾಗ್ವಾರ್ ಎಕ್ಸ್‌ಜೆ 220 ಅದಕ್ಕೆ ಸಾಕ್ಷಿ. ಕಂಪನಿಯ ಮುಖ್ಯ ಎಂಜಿನಿಯರ್ ಜಿಮ್ ರ‍್ಯಾಂಡಲ್ ಜೊತೆ ಕೆಲವು ಎಂಜಿನಿಯರ್‌ಗಳು ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ಕಟ್ಟಿದ ಕಾರು ಅದು. 1988ರಲ್ಲಿ ಬರ್ಮಿಂಗ್‌ಹ್ಯಾಮ್ ಶೋಗೆ ಬಂದಾಗ ಅದರಲ್ಲಿ 12 ಸಿಲಿಂಡರಿನ 6.2 ಲೀಟರ್ ಎಂಜಿನ್ ಇತ್ತು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತಿತ್ತು, ಬಾಗಿಲು ಮೇಲಕ್ಕೇಳುತ್ತಿತ್ತು. ಜನ 50,000 ಪೌಂಡ್ ಮುಂಗಡ ಕಟ್ಟಿದರು.

1992ರಲ್ಲಿ ಬಂದ ಕಾರಿನಲ್ಲಿ 6 ಸಿಲಿಂಡರ್, 3.5 ಲೀಟರ್, ಎರಡು ಟರ್ಬೊ. ಶಕ್ತಿ ಹಿಂದಿನ ಚಕ್ರಕ್ಕೆ ಮಾತ್ರ. ಬಾಗಿಲು ಮಾಮೂಲಿ. ಉದ್ದವೂ ಕಡಿಮೆ. ಎಂಜಿನಿಯರಿಂಗ್ ಲೆಕ್ಕದಲ್ಲಿ ಇದು ಸರಿಯಾದ ತೀರ್ಮಾನವೇ. ಹೊಸ ಎಂಜಿನ್ ಹಗುರ, ಚಿಕ್ಕದು, ಹೊಗೆಯ ನಿಯಮಕ್ಕೂ ಒಗ್ಗುತ್ತಿತ್ತು. ಕಾರೂ ವೇಗವಾಗಿಯೇ ಓಡಿತು. ಆದರೆ ಅಷ್ಟರಲ್ಲಿ ಆರ್ಥಿಕ ಹಿಂಜರಿತ ಬಂದಿತ್ತು, ಬೆಲೆಯೂ ಏರಿತ್ತು. ಹಲವರು ಹಿಂದೆ ಸರಿಯಲು ನೋಡಿದರು, ವಿಷಯ ಕೋರ್ಟಿಗೆ ಹೋಯಿತು. ಇಲ್ಲಿ ನಾನು ಗ್ರಾಹಕರ ಪರ. ಕಾರು ಬದಲಾಗಬಹುದು. ಬದಲಾದದ್ದನ್ನು ದುಡ್ಡು ಕಟ್ಟುವ ಮೊದಲು ಹೇಳಬೇಕು.

ಪ್ರೊಟೊಟೈಪ್‌ಗಿಂತ ಮಾರಾಟದ ಕಾರೇ ಚೆನ್ನಾಗಿ ಆದದ್ದು ಇದ್ಯಾ?

ಹೋಂಡಾ ಎನ್‌ಎಸ್‌ಎಕ್ಸ್. 1989ರ ಫೆಬ್ರವರಿಯಲ್ಲಿ ಶಿಕಾಗೊ ಶೋನಲ್ಲಿ ತೋರಿಸಿದರು. ಅದೇ ಸಮಯದಲ್ಲಿ ಜಪಾನಿನ ಸುಜುಕಾ ಟ್ರ್ಯಾಕ್‌ನಲ್ಲಿ ಫಾರ್ಮುಲಾ ಒನ್ ರೇಸ್ ಚಾಲಕ ಆಯರ್ಟನ್ ಸೆನ್ನಾ ಪ್ರೊಟೊಟೈಪ್ ಓಡಿಸಿ ನೋಡಿದರು. ಕಾರು ಸ್ವಲ್ಪ ನಾಜೂಕು ಅನ್ನಿಸುತ್ತದೆ ಅಂದರು. ಎಂಜಿನಿಯರ್‌ಗಳು ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ಗೆ ಹೋಗಿ ತಿಂಗಳುಗಟ್ಟಲೆ ಓಡಿಸಿ, ಅಲ್ಯೂಮಿನಿಯಂ ದೇಹದ ಬಿಗಿತವನ್ನು ಸುಮಾರು 50% ಹೆಚ್ಚಿಸಿದರು. ಹೊರಗೆ ನಿಂತು ನೋಡಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ತಿರುವಿನಲ್ಲಿ ಕೈಗೆ ಗೊತ್ತಾಗುತ್ತದೆ.

ಬರೀ ಹೆಸರು ಮಾತ್ರ ಬದಲಾದ ಕಾರು?

ಪೋರ್ಷೆ 911. 1963ರ ಫ್ರಾಂಕ್‌ಫರ್ಟ್ ಶೋನಲ್ಲಿ ಅದರ ಹೆಸರು 901. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರಿನ ಹಕ್ಕು ಫ್ರಾನ್ಸ್‌ನಲ್ಲಿ ತಮ್ಮದು ಅಂತ ಪೂಜೊ ಕಂಪನಿ ತಕರಾರು ತೆಗೆಯಿತು. 1964ರಲ್ಲಿ ಸೊನ್ನೆ ಹೋಗಿ ಒಂದು ಬಂತು. ಅಷ್ಟರಲ್ಲಿ 901 ಹೆಸರಿನ 82 ಕಾರು ತಯಾರಾಗಿದ್ದವು.

## ಇನ್ನೂ ಆಳಕ್ಕೆ

ಮಾರಾಟ ಶುರುವಾದ ಮೇಲೆ ಬದಲಾವಣೆ ನಿಂತುಬಿಡುತ್ತಾ?

ಇಲ್ಲ. ಕೆನಡಾದ ಉದ್ಯಮಿ ವಾಲ್ಟರ್ ವುಲ್ಫ್ ತಮಗಾಗಿ ಅಗಲ ಟೈರಿನ ಕೌಂಟಾಚ್ ಮಾಡಿಸಿಕೊಂಡರು. ಅದರ ಪ್ರಭಾವದಲ್ಲೇ 1978ರ ಎಲ್‌ಪಿ 400 ಎಸ್ ಬಂತು. ಹಿಂದೆ 345 ಮಿಲಿಮೀಟರ್ ಅಗಲದ ಪಿರೆಲ್ಲಿ ಪಿ7 ಟೈರ್, ಅದನ್ನು ಮುಚ್ಚಲು ಉಬ್ಬಿದ ಚಕ್ರದ ಕಮಾನು. ಎಷ್ಟೋ ಗ್ರಾಹಕರು ಹಿಂದೆ ರೆಕ್ಕೆ ಹಾಕಿಸಿಕೊಂಡರು. ಅದರಿಂದ ಗರಿಷ್ಠ ವೇಗ ಕಡಿಮೆಯಾಯಿತು, ಆದರೂ ಬಿಡಲಿಲ್ಲ.

ಮಾರಾಟದ ನಡುವೆಯೇ ಹೊಸ ಪ್ರೊಟೊಟೈಪ್ ಕೂಡ ಹುಟ್ಟುತ್ತದೆ. 1987ರಲ್ಲಿ ಲ್ಯಾಂಬೊರ್ಗಿನಿಯಲ್ಲಿ ಕೆಲಸ ಮಾಡುತ್ತಿದ್ದ ಒರಾಸಿಯೊ ಪಗಾನಿ ಕಾರ್ಬನ್ ಫೈಬರ್ ಬಳಸಿ ಕೌಂಟಾಚ್ ಎವೊಲುತ್ಸಿಯೋನೆ ಕಟ್ಟಿದರು. ಅದು ಮಾರಾಟಕ್ಕೆ ಬರಲೇ ಇಲ್ಲ. ಡಿಕ್ಕಿ ಪರೀಕ್ಷೆಯಲ್ಲೇ ಅದರ ಕಥೆ ಮುಗಿಯಿತು. ಪಗಾನಿ ಮುಂದೆ ತಮ್ಮದೇ ಹೆಸರಿನಲ್ಲಿ ಕಾರ್ಬನ್ ಫೈಬರ್ ಕಾರುಗಳನ್ನು ಕಟ್ಟಿದರು.

ಈಗ ಎಲ್ಲ ಕಂಪ್ಯೂಟರಲ್ಲೇ ಮಾಡ್ತಾರಲ್ಲ. ಪ್ರೊಟೊಟೈಪ್ ಯಾಕೆ ಬೇಕು?

ಗಾಳಿ ಹೇಗೆ ಹರಿಯುತ್ತದೆ, ಡಿಕ್ಕಿಯಲ್ಲಿ ಯಾವ ಕಂಬಿ ಮಡಚಿಕೊಳ್ಳುತ್ತದೆ ಅನ್ನುವುದನ್ನು ಈಗ ಮೊದಲೇ ಲೆಕ್ಕ ಹಾಕಬಹುದು. ನಮ್ಮ ಬೆಂಗಳೂರಿನಲ್ಲಿರುವ ಮರ್ಸಿಡಿಸ್-ಬೆಂಜ್ ಸಂಶೋಧನಾ ಕೇಂದ್ರದಂಥ ಕಡೆ ಇಂಥ ಕೆಲಸ ನಡೆಯುತ್ತದೆ. 1971ರಲ್ಲಿ ಈ ಅನುಕೂಲ ಇದ್ದಿದ್ದರೆ ಕೌಂಟಾಚ್‌ನ ಬಿಸಿಯ ತೊಂದರೆ ಕಾಗದದ ಹಂತದಲ್ಲೇ ಗೊತ್ತಾಗುತ್ತಿತ್ತು.

ಆದರೂ ಕೊನೆಗೆ ಕಾರನ್ನು ಓಡಿಸಲೇಬೇಕು. ದೂಳು, ಗುಂಡಿ, ಅಲುಗಾಟದ ಸದ್ದು, ಗಂಟೆಗಟ್ಟಲೆ ಕೂತಾಗ ಬೆನ್ನಿಗೆ ಆಗುವ ನೋವು ಇವೆಲ್ಲ ರಸ್ತೆಯಲ್ಲೇ ತಿಳಿಯುತ್ತವೆ. 1972ರಲ್ಲಿ ಸ್ತಂಜಾನಿ ಮತ್ತು ವ್ಯಾಲೇಸ್ ಎಲ್‌ಪಿ 500 ಕಾರನ್ನು ಟಾರ್ಗಾ ಫ್ಲೋರಿಯೊ ರೇಸ್ ನೋಡಲು ಸಿಸಿಲಿವರೆಗೆ ಓಡಿಸಿಕೊಂಡು ಹೋಗಿ ಬಂದರು. ಈ ಕಾರನ್ನು ಮಾರಬಹುದು ಅನ್ನುವ ಧೈರ್ಯ ಬಂದದ್ದು ಅಂಥ ಓಡಾಟದಿಂದಲೇ.

ನಾನು ಎಲ್‌ಪಿ 500 ಮಾಡೆಲ್ ಮಾಡ್ಬೇಕು. ನನ್ನ ಹತ್ರ ಇರೋದು ಎಲ್‌ಪಿ 400 ಕಿಟ್. ಎಲ್ಲಿಂದ ಶುರು ಮಾಡ್ಲಿ?

ಮೊದಲು ತಾರೀಖು ಗೊತ್ತು ಮಾಡಿಕೊಳ್ಳಿ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಎಲ್‌ಪಿ 500 ಒಂದೇ ಕಾರು, ಆದರೆ ಒಂದೇ ರೂಪದಲ್ಲಿ ಉಳಿಯಲಿಲ್ಲ. 1971ರ ಮಾರ್ಚ್‌ನ ಕಾರು ನುಣುಪು. ಪರೀಕ್ಷೆ ನಡೆಯುತ್ತಾ ಹೋದಂತೆ ಅದಕ್ಕೇ ಡಬ್ಬ, ಡಕ್ಟ್ ಎಲ್ಲ ಸೇರಿಕೊಂಡವು. ಎರಡು ಕಾಲದ ಫೋಟೊ ಕಲಸಿ ಮಾಡಿದರೆ ಯಾವತ್ತೂ ಇಲ್ಲದ ಕಾರು ತಯಾರಾಗುತ್ತದೆ. ನನ್ನ ಮೊದಲ ಪ್ರಯತ್ನದಲ್ಲಿ ಆದದ್ದು ಅದೇ. ಬಣ್ಣ ಕೆರೆದು ಮತ್ತೆ ಶುರು ಮಾಡಬೇಕಾಯಿತು.

ಜಿನೀವಾದ ರೂಪ ಬೇಕಿದ್ದರೆ ಡಕ್ಟ್‌ಗಳಿಗೆ ಒಳಗಿನಿಂದ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಹೊರಗೆ ಪುಟ್ಟಿ ತುಂಬಿ. ಪೂರ್ತಿ ಒಣಗಲು ಎರಡು ದಿನ ಬಿಡಿ, ಇಲ್ಲದಿದ್ದರೆ ಆಮೇಲೆ ತಗ್ಗು ಬೀಳುತ್ತದೆ. ಹೆಗಲ ಡಬ್ಬಗಳನ್ನು ಗರಗಸದಲ್ಲಿ ಕೊಯ್ದು, ಆ ಜಾಗವನ್ನು ಹಿಂದಿನ ಇಳಿಜಾರಿಗೆ ಸೇರುವ ಹಾಗೆ ಉಜ್ಜಿ. ಕಿವಿರಿನ ಸೀಳುಗಳನ್ನು ನೇರವಾಗಿ ದೇಹದ ಮೇಲೆ ಕೊರೆಯಬೇಡಿ. ಬೇರೆ ತುಂಡಿನ ಮೇಲೆ ಮಾಡಿ, ಎರಡೂ ಪಕ್ಕ ಒಂದೇ ಥರ ಬಂದಿದೆಯಾ ನೋಡಿ, ಆಮೇಲೆ ಕೂರಿಸಿ. ಹಳದಿ ಬಳಿಯುವ ಮೊದಲು ಬಿಳಿ ಪ್ರೈಮರ್ ಹಾಕಿ. ಬೂದು ಪ್ರೈಮರ್ ಮೇಲೆ ಆ ಹಳದಿ ಮಂಕಾಗುತ್ತದೆ.